ನೀಲಗಿರಿ ಎಂಬ ಉರುವಲು

ಕನ್ನಡದಲ್ಲಿ ‘ನೀಲಗಿರಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು ಬೆಟ್ಟಸಾಲು, ಇನ್ನೊಂದು ಮರ. ಬೆಟ್ಟದ ಹೆಸರು ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋಡರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ಮರದ ಹೆಸರಿಗೆ ಅಂತಹ ಪ್ರಾಚೀನತೆಯಿಲ್ಲ. ಆ ಮರ ಆಸ್ಟ್ರೇಲಿಯಾದಿಂದ ಬಂದದ್ದು. ಬೆಟ್ಟದ ಮೇಲೆ ನೆಲೆಸಿ ಬೆಟ್ಟದ ಹೆಸರನ್ನೇ ಹೊತ್ತುಕೊಂಡು ನಮ್ಮ ಬಯಲಿಗೆ ಇಳಿಯಿತು. ಇಲ್ಲಿ ಚೆನ್ನೈನಲ್ಲಿ ನಮ್ಮ ತಮಿಳು ನೆರೆಹೊರೆಯವರು ಅದನ್ನು ‘ತೈಲ ಮರಂ’ ಎನ್ನುತ್ತಾರೆ. ಅವರು ಎಣ್ಣೆಯನ್ನು ನೆನಪಿಟ್ಟರು, ನಾವು ಊರನ್ನು ನೆನಪಿಟ್ಟೆವು. ಆದರೆ ಮರವನ್ನು ತಂದವರು ಅದನ್ನು ತೋಪುತೋಪಾಗಿ ಬೆಳೆಸಿದ್ದು ಎಣ್ಣೆಗಾಗಿ ಅಲ್ಲ. ಬೆಟ್ಟದ ಚಳಿಯಲ್ಲಿ ಮನೆಗಳನ್ನು ಬೆಚ್ಚಗಿಡಲು ಸೌದೆ ಬೇಕಾಗಿತ್ತು.

ಅಣ್ಣಾ ನಗರದಲ್ಲಿ ಕುಳಿತು ಮನೆ ಕಾಯಿಸುವ ಚರಿತ್ರೆಯನ್ನು ಬರೆಯುವುದು ವಿಚಿತ್ರವೆನಿಸಬಹುದು. ಚೆನ್ನೈನ ಉಷ್ಣಾಂಶ ದಾಖಲೆಯ ಅತಿ ಚಳಿಯ ದಿನಗಳಲ್ಲಿಯೂ ಹದಿನಾಲ್ಕು ಡಿಗ್ರಿಯ ಆಸುಪಾಸಿಗಿಂತ ಕೆಳಗೆ ಇಳಿದಿಲ್ಲ. 1968ರ ವಾಣಿಜ್ಯ ಮೇಳಕ್ಕಾಗಿ ಕಟ್ಟಿದ, ನಮ್ಮ ವಿಶ್ವೇಶ್ವರಯ್ಯನವರ ಹೆಸರಿನ ಗೋಪುರದ ಉದ್ಯಾನದಲ್ಲಿ ಮಾರ್ಗಶಿರದ ಬೆಳಗ್ಗೆ ಮಂಕಿ ಟೋಪಿ ಧರಿಸಿ ನಡೆಯುವವರನ್ನು ಕಂಡು ಉತ್ತರ ಭಾರತದವರು ನಗುತ್ತಾರೆ. ಆದರೂ ನಮ್ಮಲ್ಲಿ ಅನೇಕರ ಮಕ್ಕಳು, ತಮ್ಮ ತಂಗಿಯರು ಇಂದು ಮೈನಸ್ ಮೂವತ್ತು ಡಿಗ್ರಿಯನ್ನೂ ಕಾಣುವ ಊರುಗಳಲ್ಲಿದ್ದಾರೆ. ಮರದ ಹೊಟ್ಟನ್ನು ಗುಳಿಗೆಯಾಗಿ ಒತ್ತಿ ಉರಿಸುವ ‘ಪೆಲೆಟ್ ಸ್ಟೋವ್’ ಎಂಬ ಹೆಸರು ನಮ್ಮ ಕುಟುಂಬಗಳ ಮಾತಿನೊಳಗೆ ಬಂದಿರುವುದು ಆ ದಾರಿಯಿಂದಲೇ. ಅದನ್ನು ಅಮೆರಿಕದ ಹೊಸ ಸೌಕರ್ಯವೆಂದು ಮಾತ್ರ ನೋಡುವುದಕ್ಕಿಂತ, ನಮ್ಮ ಪಕ್ಕದ ಬೆಟ್ಟದಲ್ಲಿ ನಡೆದು ಹೋದ ಕಥೆಯೊಂದರ ಜೊತೆಗಿಟ್ಟು ನೋಡುವುದು ಲೇಸು.

ಮೊದಲು ಭಾಷೆಯ ಒಂದು ಸಂಗತಿ. ಕನ್ನಡದಲ್ಲಿ ನಾವು ‘ಚಳಿ ಕಾಯಿಸುತ್ತೇವೆ’, ‘ಮೈ ಕಾಯಿಸಿಕೊಳ್ಳುತ್ತೇವೆ’, ಕೋಣೆಯನ್ನು ಕಾಯಿಸುವುದಿಲ್ಲ. ಅಗ್ಗಿಷ್ಟಿಕೆಯ ಸುತ್ತ ಕುಳಿತವರ ಅಂಗೈ ಬಿಸಿಯಾದರೆ ಸಾಕು, ಬೆನ್ನಿಗೆ ಕಂಬಳಿಯಿದೆ. ಮಲೆನಾಡಿನ ಬಚ್ಚಲೊಲೆ ಹಂಡೆಯ ನೀರನ್ನು ಕಾಯಿಸುತ್ತದೆ. ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತವರಿಗೆ ಸಿಗುವ ಬೆಚ್ಚನೆ ಪುಕ್ಕಟೆ ಲಾಭ. ಕೋಣೆಯ ಗಾಳಿಯನ್ನೆಲ್ಲ ಬಿಸಿಮಾಡಬೇಕೆಂಬ ಕಲ್ಪನೆಯೇ ಬೇರೆ ಹವೆಯದು. ಇಂಗ್ಲೆಂಡಿನಲ್ಲಿ ಬೆಂಕಿಗೂಡು ಮನೆಯ ಅಂತಸ್ತಿನ ಅಳತೆಯೂ ಆಗಿತ್ತು. 1662ರಿಂದ 1689ರವರೆಗೆ ಅಲ್ಲಿ ಒಲೆಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರು. ಅಂತಹ ನಾಡಿನವರು ನೀಲಗಿರಿಯನ್ನು ಹತ್ತಿದರು.

ಅವರಿಗಿಂತ ಮುಂಚೆಯೇ ಅಲ್ಲಿ ಚಳಿಯನ್ನು ಗೆದ್ದವರಿದ್ದರು. ತೋಡರ ಮನೆ ಬಿದಿರು, ಬೆತ್ತ, ಹುಲ್ಲುಗಳಿಂದ ಕಟ್ಟಿದ್ದು. ಅರ್ಧ ಪೀಪಾಯಿಯನ್ನು ಬೋರಲು ಹಾಕಿದಂತಿರುತ್ತದೆ. ಬಾಗಿಲು ಎಷ್ಟು ಕಿರಿದೆಂದರೆ ಅಂಬೆಗಾಲಿಟ್ಟೇ ಒಳಹೋಗಬೇಕು. ಕಿಟಕಿಯಿಲ್ಲ, ಹೊಗೆಗೊಳವೆಯಿಲ್ಲ. ಸಂಜೆ ಬಾಗಿಲನ್ನು ಹಲಗೆಯಿಂದ ಮುಚ್ಚಿದರೆ ಒಂದು ಪುಟ್ಟ ಒಲೆಯ ಕಾವು ಮತ್ತು ಮಲಗಿದವರ ಮೈಬಿಸಿ ರಾತ್ರಿಗೆ ಸಾಕಾಗುತ್ತದೆ. ಹೊಗೆ ಕಣ್ಣಿಗೂ ಎದೆಗೂ ಒಳ್ಳೆಯದಲ್ಲ, ಅದನ್ನು ಹೊಗಳುವ ಉದ್ದೇಶ ನಮಗಿಲ್ಲ. ಆದರೆ ಸೌದೆಯ ಲೆಕ್ಕದಲ್ಲಿ ಆ ಮನೆಯಷ್ಟು ಮಿತವ್ಯಯದ ಕಟ್ಟಡವನ್ನು ಆ ಬೆಟ್ಟದಲ್ಲಿ ಮುಂದೆ ಯಾರೂ ಕಟ್ಟಲಿಲ್ಲ. ಮೈಸೂರು ಕಡೆಯಿಂದ, ಅಂದರೆ ಬಡಗಣಿಂದ, ಬಂದುದರಿಂದಲೇ ಬಡಗರೆನಿಸಿಕೊಂಡವರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಅವರೂ ಒತ್ತೊತ್ತಾದ ಸಾಲುಮನೆಗಳಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದರು.

1799ರಲ್ಲಿ ಟಿಪ್ಪು ಬಿದ್ದ ಬಳಿಕ ಕೊಯಮತ್ತೂರಿನೊಡನೆ ಈ ಬೆಟ್ಟಗಳೂ ಕಂಪನಿಯ ಕೈಸೇರಿದವು. ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಮೇಲೆ ಹತ್ತಿದನು. 1820ರ ದಶಕದ ಆರಂಭದಲ್ಲಿ ಉದಕಮಂಡಲದಲ್ಲಿ ಕಲ್ಲುಮನೆ ಎದ್ದಿತು. ಅದರ ಹಿಂದೆ ಬಂಗಲೆಗಳ ಸಾಲು. ಎತ್ತರದ ಚಾವಣಿ, ಅಗಲ ಕಿಟಕಿ, ಕೋಣೆಗೊಂದು ಬೆಂಕಿಗೂಡು. ತೆರೆದ ಬೆಂಕಿಗೂಡಿನ ಸ್ವಭಾವವೇ ದುಂದು: ಉರಿಯ ಬಿಸಿಯ ಬಹುಪಾಲು ಹೊಗೆಗೊಳವೆಯಲ್ಲಿ ಮೇಲೇರಿ ಹೋಗುತ್ತದೆ, ಹೋಗುವಾಗ ಕೋಣೆಯ ಬೆಚ್ಚನೆಯ ಗಾಳಿಯನ್ನೂ ಸೆಳೆದುಕೊಳ್ಳುತ್ತದೆ, ಆ ಜಾಗಕ್ಕೆ ಬಾಗಿಲ ಸಂದಿಯಿಂದ ಹೊರಗಿನ ಚಳಿ ನುಗ್ಗುತ್ತದೆ. ಮುಂಗಾಲು ಬೇಯುತ್ತಿರುವಾಗ ಬೆನ್ನು ನಡುಗುವ ಈ ಸುಖಕ್ಕಾಗಿ ಕೈಗೆಟುಕಿದ ಶೋಲಾ ಕಾಡುಗಳನ್ನು ಕಡಿಯಲಾಯಿತು. ಶೋಲಾ ಎಂದರೆ ಹುಲ್ಲುಬೆಟ್ಟಗಳ ಮಡಿಲಿನ ಕಣಿವೆಗಳಲ್ಲಿ ಮಾತ್ರ ಬೆಳೆಯುವ ಗಿಡ್ಡ ಮರಗಳ ದಟ್ಟ ಕಾಡು. ತೊರೆಗಳು ಹುಟ್ಟುವುದು ಅಲ್ಲೇ. ಅದರ ಮರಗಳು ನಿಧಾನವಾಗಿ ಬೆಳೆಯುತ್ತವೆ. ಕಡಿದಷ್ಟು ವೇಗವಾಗಿ ಮರಳಿ ಬರಲಿಲ್ಲ.

ಇಲ್ಲಿ ಆಸ್ಟ್ರೇಲಿಯಾದ ಮರದ ಪ್ರವೇಶ. 1843ರಲ್ಲಿ ಮದ್ರಾಸ್ ಎಂಜಿನಿಯರ್ಸ್‌ನ ಕ್ಯಾಪ್ಟನ್ ಕಾಟನ್ ಅದನ್ನು ಬೆಟ್ಟದಲ್ಲಿ ನೆಡಿಸಿದನೆಂಬುದು ದಾಖಲೆ. (ನಂದಿಬೆಟ್ಟದಲ್ಲಿ ಟಿಪ್ಪು ಅದಕ್ಕೂ ಮೊದಲೇ ಬೆಳೆಸಿದ್ದನೆಂಬ ಪ್ರತೀತಿಯೂ ಉಂಟು.) 1856ರಿಂದ ಸೌದೆಯ ಅಗತ್ಯಕ್ಕೆಂದೇ ಕ್ರಮವಾದ ತೋಪುಗಳು ಶುರುವಾದವು. ಅದೇ ವರ್ಷ ಮದ್ರಾಸಿನಲ್ಲಿ ಅರಣ್ಯ ಇಲಾಖೆಯ ಹೊಣೆ ಹೊತ್ತವನು ಹ್ಯೂ ಕ್ಲೆಗ್‌ಹಾರ್ನ್. ಮದ್ರಾಸಿನಲ್ಲೇ ಹುಟ್ಟಿದ ಈ ವೈದ್ಯ 1840ರ ದಶಕದಲ್ಲಿ ನಮ್ಮ ಶಿವಮೊಗ್ಗೆಯಲ್ಲಿ ಕೆಲಸ ಮಾಡಿದ್ದನು. ಕಾಡು ಅಳಿಯುವುದರ ಬಗ್ಗೆ ಅವನಿಗೆ ನಿಜವಾದ ಆತಂಕವಿತ್ತು. ಉಳಿದ ಶೋಲಾಗಳ ಮೇಲೆ ಕೊಡಲಿ ಬೀಳದಿರಲೆಂದು ಬೇಗ ಬೆಳೆಯುವ ಮರವನ್ನು ನೆಡುವುದು ಆ ಕಾಲದ ದೃಷ್ಟಿಯಲ್ಲಿ ವಿವೇಕದ ಕೆಲಸವೇ. ಕಡಿದ ಬುಡದಿಂದಲೇ ಮತ್ತೆ ಚಿಗುರುವ, ಹತ್ತಾರು ವರ್ಷಗಳಲ್ಲಿ ಕಡಿತಕ್ಕೆ ಬರುವ ಮರ ಬೇರೆ ಎಲ್ಲಿ ಸಿಕ್ಕೀತು?

ತೊಡಕು ನೆಲದ್ದು. ತೋಪುಗಳನ್ನು ಎಬ್ಬಿಸಿದ್ದು ಹೆಚ್ಚಾಗಿ ಹುಲ್ಲುಗಾವಲಿನ ಮೇಲೆ. ಅಧಿಕಾರಿಗಳ ಕಣ್ಣಿಗೆ ಮರವಿಲ್ಲದ ಬೆಟ್ಟ ಬರಿದಾದ ಬೆಟ್ಟ. ತೋಡರಿಗೆ ಅದು ಎಮ್ಮೆಗಳು ಮೇಯುವ, ದೈವಗಳು ವಾಸಿಸುವ ನಾಡು. ಸರ್ಕಾರಿ ಕಡತಗಳೊಡನೆಯೇ ದಿನ ಕಳೆಯುವ ನಮಗೆ ‘ಪಾಳು’ ಎಂಬ ಒಂದು ಪದಕ್ಕೆ ಎಷ್ಟು ಬಲವಿದೆಯೆಂದು ಗೊತ್ತು. ಒಮ್ಮೆ ಹಾಗೆಂದು ನಮೂದಾದ ನೆಲ ಯಾರದೂ ಅಲ್ಲದ್ದಾಗುತ್ತದೆ, ಆಮೇಲೆ ಸರ್ಕಾರದ್ದಾಗುತ್ತದೆ.

ಬೇಡಿಕೆ ಏರುತ್ತಲೇ ಹೋಯಿತು. 1870ರ ದಶಕದ ಹೊತ್ತಿಗೆ ಮದ್ರಾಸ್ ಸರ್ಕಾರವೇ ಬೇಸಗೆ ಬಂದೊಡನೆ ಗುಮಾಸ್ತರು, ಕಡತ ಪೆಟ್ಟಿಗೆಗಳ ಸಮೇತ ಉದಕಮಂಡಲಕ್ಕೆ ಸಾಗಿ ವರ್ಷದ ಹಲವು ತಿಂಗಳು ಅಲ್ಲಿಯೇ ಇರುವುದು ವಾಡಿಕೆಯಾಗಿತ್ತು. ರೈಲು 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ಬಂತು. ಮದ್ರಾಸಿನ ಸೆಕೆಯಿಂದ ಓಡಿಹೋಗಿ, ಮೇಲೆ ತಲುಪಿದ ಮೇಲೆ ಚಳಿಗೆ ಬೆಂಕಿ ಹಾಕಿಸಿಕೊಳ್ಳುವ ಈ ವ್ಯವಸ್ಥೆಯ ಹಾಸ್ಯ ಆಗ ಯಾರಿಗೆ ಕಂಡಿತೋ ತಿಳಿಯದು.

ಬೆಂಕಿಗೂಡುಗಳು ಆರಿದ ಮೇಲೂ ಮರ ನಿಲ್ಲಲಿಲ್ಲ. ಕಾಗದ ಮತ್ತು ಕೃತಕ ನೂಲಿನ ಕಾರ್ಖಾನೆಗಳು ಅದಕ್ಕೆ ಎರಡನೆಯ ಜನ್ಮ ಕೊಟ್ಟವು. ಕರ್ನಾಟಕದ ಕೋಲಾರದಂತಹ ಒಣಜಿಲ್ಲೆಗಳಲ್ಲಿ ರಾಗಿಯ ಹೊಲಗಳು ನೀಲಗಿರಿ ತೋಪುಗಳಾದದ್ದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. 1987ರ ನವೆಂಬರಿನಲ್ಲಿ ಧಾರವಾಡ ಸೀಮೆಯ ಕುಸನೂರಿನ ಜನ ತಮ್ಮ ಸಾಮುದಾಯಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟು ಸತ್ಯಾಗ್ರಹ ಮಾಡಿದರು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ಈಗ ಪೆಲೆಟ್ ಒಲೆಯ ಕಡೆ ತಿರುಗೋಣ. 1973ರ ತೈಲ ಬಿಕ್ಕಟ್ಟಿನ ನಂತರ ಸೀಮೆಎಣ್ಣೆ, ಡೀಸೆಲ್‌ಗಳಿಗೆ ಬದಲಿ ಹುಡುಕುತ್ತಿದ್ದ ಅಮೆರಿಕದ ವಾಯವ್ಯ ಭಾಗದಲ್ಲಿ, ಮರ ಕೊಯ್ಯುವ ಮಿಲ್ಲುಗಳ ಹೊಟ್ಟಿನಿಂದ ಇದು ಹುಟ್ಟಿತು. 1980ರ ದಶಕದಲ್ಲಿ ಮನೆಗಳಿಗೆ ಬಂತು. ಒಣಗಿಸಿದ ಹೊಟ್ಟನ್ನು ಅಚ್ಚಿನ ರಂಧ್ರಗಳ ಮೂಲಕ ಭಾರಿ ಒತ್ತಡದಿಂದ ತೂರಿಸಿದಾಗ ಮರದಲ್ಲೇ ಇರುವ ಲಿಗ್ನಿನ್ ಮೆದುವಾಗಿ ಅಂಟಿನಂತೆ ಹಿಡಿದುಕೊಳ್ಳುತ್ತದೆ. ಸುಮಾರು ಆರು ಮಿಲಿಮೀಟರ್ ದಪ್ಪದ ಗುಳಿಗೆಗಳು. ಅವನ್ನು ಒಲೆಯ ಮೇಲಿನ ತೊಟ್ಟಿಗೆ ಸುರಿದರೆ ತಿರುಪು ಸಲಾಕೆಯೊಂದು ಕೆಲವೇ ಗುಳಿಗೆಗಳನ್ನು ಕ್ರಮವಾಗಿ ಉರಿಬಟ್ಟಲಿಗೆ ತಳ್ಳುತ್ತದೆ, ಫ್ಯಾನು ಗಾಳಿ ಊದುತ್ತದೆ, ಕೋಣೆ ಬಿಸಿಯಾದಾಗ ಉರಿ ತಾನೇ ತಗ್ಗುತ್ತದೆ. ಊದುಕೊಳವೆ ಹಿಡಿದು ಕಣ್ಣೊರೆಸಿಕೊಂಡ ನಮ್ಮ ತಾಯಂದಿರಿಗೆ ಇದು ಪವಾಡವಾಗಿ ಕಾಣುತ್ತಿತ್ತು. ಹಾಗೆಂದು ಹೊಟ್ಟು ನಮಗೆ ಹೊಸತಲ್ಲ. ತಗಡಿನ ಡಬ್ಬಿಯ ನಡುವೆ ಕೊರಡು ನಿಲ್ಲಿಸಿ, ಸುತ್ತ ಹೊಟ್ಟನ್ನು ಗಟ್ಟಿಯಾಗಿ ತುಂಬಿ, ಕೊರಡನ್ನು ಎಳೆದು ತೆಗೆದು, ಉಳಿದ ತೂತಿನಲ್ಲಿ ಬೆಂಕಿ ಹಚ್ಚುವ ಹೊಟ್ಟಿನ ಒಲೆ ತಾಸುಗಟ್ಟಲೆ ಉರಿಯುತ್ತಿತ್ತು. ಇದೇ ಹೊಟ್ಟು ಮದ್ರಾಸಿಗೆ ಚಳಿಯನ್ನೂ ತಂದಿದೆ: 1842ರಲ್ಲಿ ಕಡಲ ದಂಡೆಯಲ್ಲಿ ಕಟ್ಟಿದ ಐಸ್ ಹೌಸಿಗೆ ಅಮೆರಿಕದ ಕೆರೆಗಳ ಮಂಜುಗಡ್ಡೆ ಹಡಗಿನಲ್ಲಿ ಬರುತ್ತಿದ್ದುದು ಮರದ ಹೊಟ್ಟಿನ ಹೊದಿಕೆಯಲ್ಲಿ.

ಬೆಂಕಿಗೂಡಿನ ದುಂದನ್ನು ಪೆಲೆಟ್ ಒಲೆ ನಿಜಕ್ಕೂ ತಪ್ಪಿಸಿದೆ. ಉರಿದದ್ದರ ಮುಕ್ಕಾಲು ಪಾಲಾದರೂ ಮನೆಯೊಳಗೇ ಉಳಿಯುತ್ತದೆ. ಕಡುಚಳಿಯಲ್ಲಿ ದಿನಕ್ಕೆ ಒಂದು ಚೀಲ, ಅಂದರೆ 18 ಕಿಲೋ, ಕೆಲವೊಮ್ಮೆ ಎರಡು ಬೇಕು. ಆದರೆ ತಿರುಪು ಸಲಾಕೆಗೂ ಫ್ಯಾನಿಗೂ ವಿದ್ಯುತ್ ಬೇಕು. ಹಿಮಗಾಳಿ ತಂತಿಗಳನ್ನು ಕೆಡವಿದ ರಾತ್ರಿಯೇ, ಬ್ಯಾಟರಿ ಇಲ್ಲದಿದ್ದರೆ, ತೊಟ್ಟಿಯ ತುಂಬ ಉರುವಲು ಇಟ್ಟುಕೊಂಡು ಒಲೆ ಆರುತ್ತದೆ. ಅಲ್ಲಿರುವ ನಮ್ಮವರಿಗೆ ಹೇಳಲೇಬೇಕಾದ ಮಾತಿದು. ಉರುವಲಿನ ಮೂಲವೂ ಹಾಗೆಯೇ ಜಾರಿದೆ. ಮಿಲ್ಲಿನ ಕಸದಿಂದ ಶುರುವಾದದ್ದು ಇಂದು ದೊಡ್ಡ ವ್ಯಾಪಾರ. ಅಮೆರಿಕದ ದಕ್ಷಿಣ ರಾಜ್ಯಗಳ ಮರ ಗುಳಿಗೆಯಾಗಿ ಸಾಗರ ದಾಟಿ ಇಂಗ್ಲೆಂಡಿನ ಡ್ರ್ಯಾಕ್ಸ್ ವಿದ್ಯುತ್ ಸ್ಥಾವರದಲ್ಲಿ ಉರಿಯುತ್ತಿದೆ, ಅದಕ್ಕಾಗಿ ನಿಂತ ಕಾಡುಗಳನ್ನೇ ಕಡಿಯಲಾಗುತ್ತಿದೆಯೆಂಬ ಆಕ್ಷೇಪ ಬಲವಾಗಿದೆ. 2022ರಲ್ಲಿ ಉಕ್ರೇನ್ ಯುದ್ಧದ ಬಳಿಕ ರಷ್ಯಾದ ಗುಳಿಗೆಗಳಿಗೆ ಯುರೋಪು ಬಾಗಿಲು ಮುಚ್ಚಿದಾಗ ಬೆಲೆ ಗಗನಕ್ಕೇರಿತು.

ಅತ್ತ ನೀಲಗಿರಿ ಬೆಟ್ಟದಲ್ಲಿ, ಮದ್ರಾಸ್ ಹೈಕೋರ್ಟಿನ ಆದೇಶಗಳಂತೆ ಹೊರನಾಡಿನ ಮರಗಳನ್ನು ತೆಗೆಯುವ ಕೆಲಸ ನಡೆದಿದೆ. ಹುಲ್ಲನ್ನು ಮರಳಿ ಬೆಳೆಸಲು ಯತ್ನಿಸುತ್ತಿರುವವರೂ ಇದ್ದಾರೆ. ಕಡಿದ ಕಡೆಗಳಲ್ಲಿ ಮೊದಲ ಮಳೆಗೆ ನೀಲಗಿರಿಯ ಬುಡಗಳೂ ಚಿಗುರುತ್ತವೆ. ಅವನ್ನು ವರ್ಷವರ್ಷವೂ ಕೈಯಿಂದಲೇ ಮುರಿಯಬೇಕು.