ಕರಿಬೇವು ಬಾಡಿದೆಯೇ, ಹಳದಿಯಾಗಿದೆಯೇ? ಗೊಬ್ಬರ ಹಾಕುವ ಮುನ್ನ ಎಲೆ ನೋಡಿ



ಅಮೆರಿಕದಲ್ಲಿ ನಮ್ಮವರ ಮನೆಗಳ ಹಿತ್ತಲಲ್ಲಿ ತುಳಸಿಯ ಪಕ್ಕ ಕರಿಬೇವಿನ ಕುಂಡವೊಂದು ಸಾಮಾನ್ಯ. ಎಲೆ ಜೋತು ಬಿದ್ದರೆ, ಹಳದಿಯಾದರೆ, "ಏನು ಹಾಕಬೇಕು?" ಎಂದು ಎಲ್ಲರೂ ಕೇಳುತ್ತೇವೆ. ಲಾಗ್ ಓದದೆ ಕೋಡ್ ತಿದ್ದಲು ಕೂತ ಹಾಗೆ ಇದು. ಕಾರಣ ತಿಳಿಯದೆ ಗೊಬ್ಬರ ಸುರಿದರೆ, ವರ್ಷಗಟ್ಟಲೆ ಬೆಳೆಸಿದ ಗಿಡ ಒಂದೇ ಬೇಸಿಗೆಯಲ್ಲಿ ಹೋಗಬಹುದು.

ಮೊದಲು ಎಲೆ ಜೋಲುವ ವಿಷಯ. ನೀರು ಕಡಿಮೆಯಾದರೂ ಎಲೆ ಜೋಲುತ್ತದೆ, ಹೆಚ್ಚಾದರೂ ಜೋಲುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು. ಹಾಗಾಗಿ ಒದ್ದೆ ಮಣ್ಣಿನಲ್ಲೇ ಗಿಡ ಬಾಯಾರಿ ಬಾಡುತ್ತದೆ. ಅದನ್ನು ಕಂಡು ನಾವು ಇನ್ನೊಂದು ಚೊಂಬು ನೀರು ಹಾಕುತ್ತೇವೆ! ಬೆರಳನ್ನು 2 ಇಂಚು ಆಳಕ್ಕೆ ಇಳಿಸಿ ನೋಡಿ, ಕುಂಡವನ್ನು ಎತ್ತಿ ನೋಡಿ. ಹಗುರವಾಗಿ ಒಣಗಿದ್ದರೆ ಕೆಳಗಿನ ತೂತಿನಿಂದ ಹರಿಯುವಷ್ಟು ನೀರು ಕೊಡಿ. ಭಾರವಾಗಿ ಒದ್ದೆಯಿದ್ದೂ ಎಲೆ ಜೋಲುತ್ತಿದ್ದರೆ ಗಿಡವನ್ನು ಕುಂಡದಿಂದ ಮೆಲ್ಲಗೆ ಬಿಡಿಸಿ ಬೇರು ನೋಡಿ. ಗಟ್ಟಿಯಾಗಿ, ತಿಳಿ ಬಣ್ಣದಲ್ಲಿದ್ದರೆ ಬೇರು ಚೆನ್ನಾಗಿದೆ. ಕಪ್ಪಾಗಿ, ಮೆತ್ತಗಾಗಿ ನಾರುತ್ತಿದ್ದರೆ ಆ ಭಾಗವನ್ನು ಕತ್ತರಿಸಿ, ಪರ್ಲೈಟ್ ಬೆರೆಸಿದ ಹೊಸ ಮಣ್ಣಿಗೆ ಹಾಕಿ. ಹೊಸ ಚಿಗುರು ಬರುವವರೆಗೆ ಗೊಬ್ಬರದ ಮಾತೇ ಬೇಡ. ಬೇಸಿಗೆಯ ಮಧ್ಯಾಹ್ನ ಜೋತು ಬಿದ್ದು ಸಂಜೆಗೆ ತಾನೇ ಎದ್ದು ನಿಲ್ಲುವ ಗಿಡಕ್ಕೆ ಯಾವ ರೋಗವೂ ಇಲ್ಲ.

ಇನ್ನು ಹಳದಿ. ಯಾವ ಎಲೆ ಮೊದಲು ಹಳದಿಯಾಯಿತು, ಹಳೆಯದೋ ಹೊಸದೋ? ಉತ್ತರ ಬಹುಪಾಲು ಇಲ್ಲೇ ಸಿಗುತ್ತದೆ. ಸಾರಜನಕ ಸಾಲದಾದಾಗ ಗಿಡ ಅದನ್ನು ಹಳೆಯ ಎಲೆಗಳಿಂದ ತೆಗೆದು ಚಿಗುರಿಗೆ ಸಾಗಿಸುತ್ತದೆ. ಆದ್ದರಿಂದ ಕೆಳಗಿನ ಎಲೆಗಳು ಇಡಿಯಾಗಿ ಹಳದಿಯಾಗಿ ಉದುರುತ್ತವೆ. ಮೆಗ್ನೀಷಿಯಂ ಕೊರತೆಯೂ ಹಳೆಯ ಎಲೆಯಲ್ಲೇ ಮೊದಲು ಕಾಣುತ್ತದೆ, ಆದರೆ ನರಗಳ ನಡುವೆ ಮಾತ್ರ ಹಳದಿ. ಎಪ್ಸಂ ಸಾಲ್ಟ್ ಪ್ರಯೋಜನಕ್ಕೆ ಬರುವುದು ಇಲ್ಲಿ ಮಾತ್ರ. ಎಲ್ಲ ಕಾಯಿಲೆಗೂ ಅದನ್ನೇ ಕೊಡುವ ಅಭ್ಯಾಸ ನಮಗೆ ಒಪ್ಪಿಗೆಯಿಲ್ಲ.

ಕಬ್ಬಿಣದ ಕಥೆ ಬೇರೆ. ಗಿಡ ಅದನ್ನು ಹಳೆಯ ಎಲೆಯಿಂದ ಹೊಸದಕ್ಕೆ ಸಾಗಿಸಲಾರದು. ಹಾಗಾಗಿ ಚಿಗುರು ಹಳದಿ, ನರಗಳು ಮಾತ್ರ ಹಸಿರು. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಕ್ಷಾರ ಹೆಚ್ಚಾದ್ದರಿಂದ ಬೇರಿಗೆ ಸಿಗುವುದಿಲ್ಲ, ಅಷ್ಟೇ. ಸುಣ್ಣಕಲ್ಲಿನ ನೆಲ, ಗಡಸು ನೀರು ಇರುವ ಆಸ್ಟಿನ್, ಸ್ಯಾನ್ ಆಂಟೋನಿಯೋ ಕಡೆಯವರಿಗೆ ಇದು ಹೊಸದೇನಲ್ಲ. ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಪ್ರಯೋಜನವಿಲ್ಲ. ಅಂಗಡಿಯಲ್ಲಿ ಕೀಲೇಟೆಡ್ ಐರನ್ ಕೇಳಿ, ಡಬ್ಬದ ಮೇಲೆ ಇಡಿಡಿಎಚ್‌ಎ ಎಂದಿದೆಯೇ ನೋಡಿ. ಪಿಎಚ್ 7 ದಾಟಿದ ಮಣ್ಣಿನಲ್ಲಿ ಇಡಿಟಿಎ ಜಾತಿಯದು ಕೆಲಸ ಮಾಡದು. ಊರಿನ ಹುಳಿ ಮಜ್ಜಿಗೆ? ತೆಳ್ಳಗೆ ಮಾಡಿ ಅಪರೂಪಕ್ಕೊಮ್ಮೆ ಹಾಕಿದರೆ ತೊಂದರೆಯಿಲ್ಲ, ಆದರೆ ಇಂತಹ ಮಣ್ಣನ್ನು ಬದಲಿಸುವ ಶಕ್ತಿ ಅದಕ್ಕಿಲ್ಲ. ಮನೆಯೊಳಗಿನ ಕುಂಡಕ್ಕಂತೂ ಬೇಡ, ನುಸಿ ಬರುತ್ತದೆ.

ಎಲೆಯ ತುದಿ ಸುಟ್ಟಂತೆ ಕಂದಾಗಿ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದ್ದರೆ ಗೊಬ್ಬರದ ಉಪ್ಪು ಹೆಚ್ಚಾಗಿದೆ ಎಂದರ್ಥ. ಕೆಳಗಿನಿಂದ ಧಾರಾಳವಾಗಿ ಹರಿದು ಹೋಗುವಂತೆ ಬರಿ ನೀರು ಕೊಟ್ಟು ತೊಳೆಯಿರಿ. ಚಳಿಗಾಲದಲ್ಲಿ ಎಲೆ ಹಳದಿಯಾಗಿ ಉದುರುವುದು ಕರಿಬೇವಿನ ಸ್ವಭಾವ. ಆಗ ನೀರು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ. ವಸಂತದಲ್ಲಿ ಹೊರಗಿಡುವಾಗ ವಾರ, ಹತ್ತು ದಿನ ನೆರಳಿನಲ್ಲಿಟ್ಟು ಆಮೇಲೆ ಬಿಸಿಲಿಗೆ ತನ್ನಿ. ಇಲ್ಲದಿದ್ದರೆ ಬಿಸಿಲಿಗೆ ಬೆಂದು ಬಿಳಿಚಿದ ಎಲೆಯನ್ನು ಕೊರತೆಯೆಂದು ತಪ್ಪು ತಿಳಿಯುತ್ತೇವೆ.

ಕೊನೆಯದಾಗಿ, ಪೋಷಕಾಂಶಕ್ಕೆ ಸಂಬಂಧವಿಲ್ಲದ ಒಂದು ಲಕ್ಷಣವಿದೆ. ಚಿಗುರು ಮುರುಟಿಕೊಂಡು, ಅದರ ಮೇಲೆ ಮೇಣದ ಬಿಳಿ ಎಳೆಗಳು ಕಂಡರೆ ಏಷ್ಯನ್ ಸಿಟ್ರಸ್ ಸಿಲಿಡ್ ಎಂಬ ಪುಟ್ಟ ಕೀಟ ಇರಬಹುದು. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬದ್ದೇ ಆದ್ದರಿಂದ ಈ ಕೀಟಕ್ಕೆ ಬಲು ಇಷ್ಟ. ಇದು ಹರಡುವ ರೋಗ 2005ರಲ್ಲಿ ಫ್ಲಾರಿಡಾದಲ್ಲಿ, 2012ರಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಪತ್ತೆಯಾಯಿತು. ರೋಗ ತಗಲಿದ ಕಿತ್ತಳೆ ಮರಕ್ಕೆ ಮದ್ದಿಲ್ಲ. ಊರಿನಿಂದ ಹಸಿ ಕರಿಬೇವು ತರಲು ವಿಮಾನ ನಿಲ್ದಾಣದಲ್ಲಿ ಬಿಡದಿರುವುದಕ್ಕೂ ಈ ಕೀಟವೇ ಕಾರಣ. ಕ್ಯಾಲಿಫೋರ್ನಿಯಾದ ಕ್ವಾರಂಟೈನ್ ಪ್ರದೇಶಗಳಿಂದ ಕರಿಬೇವಿನ ಗಿಡವನ್ನು ಹೊರಗೆ ಸಾಗಿಸಲು ನಿರ್ಬಂಧವಿದೆ. ಆದ್ದರಿಂದ ದೂರದ ಸ್ನೇಹಿತರಿಗೆ ಸಸಿ ಕೊಡುವ ಮುನ್ನ ನಿಮ್ಮ ಕೌಂಟಿಯ ಕೃಷಿ ಕಚೇರಿಯಲ್ಲಿ ವಿಚಾರಿಸಿ. ಬಿಳಿ ಎಳೆಗಳು ಕಂಡರೆ ರೆಂಬೆ ಕಿತ್ತು ತೋರಿಸಲು ಒಯ್ಯಬೇಡಿ. ಗಿಡ ಇದ್ದಲ್ಲೇ ಇರಲಿ, ಅವರಿಗೇ ಫೋನ್ ಮಾಡಿ.