ಮೂತ್ರಪಿಂಡದಾಚೆಯ ಆಲ್ಡೋಸ್ಟಿರೋನ್: ಕಡೆಗಣಿಸಿದ ಎರಡು ಪ್ರಯೋಗಗಳ ಮರುಪರಿಶೀಲನೆ

ಬೈಕಂಪಾಡಿಯಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಬಂದವರಿಗಾಗಲಿ, ಕಡಲಿಗೆ ಹೋಗಿ ಬಂದವರಿಗಾಗಲಿ ಬಿಪಿ ಏರಿದಾಗ ಸಿಗುವ ಸಲಹೆ ಒಂದೇ: ಗಂಜಿಯ ಜೊತೆ ಉಪ್ಪಿನಕಾಯಿ, ಒಣಮೀನು ಕಡಿಮೆ ಮಾಡಿ. ಸಲಹೆ ಸರಿಯಾದದ್ದೇ. ಅದರ ಹಿಂದಿನ ವಿವರಣೆ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಅಡ್ರಿನಲ್ ಗ್ರಂಥಿಯ ಆಲ್ಡೋಸ್ಟಿರೋನ್ ಮೂತ್ರಪಿಂಡದಲ್ಲಿ ಸೋಡಿಯಂ ಹಿಡಿದಿಡುತ್ತದೆ, ಅದರೊಂದಿಗೆ ನೀರೂ ಉಳಿಯುತ್ತದೆ, ಒತ್ತಡ ಏರುತ್ತದೆ ಎನ್ನುವಲ್ಲಿಗೆ ಹಲವು ಪಠ್ಯಗಳು ಮುಗಿಯುತ್ತವೆ. ಮೆದುಳಿಗೆ ಅಲ್ಲಿ ಜಾಗವೇ ಇಲ್ಲ.

ಈ ಓದಿಗೆ ಬಲ ತುಂಬಿದ್ದು 1972ರಲ್ಲಿ ಆರ್ಥರ್ ಗೈಟನ್ ಮತ್ತು ಸಂಗಡಿಗರು ಪ್ರಕಟಿಸಿದ ರಕ್ತಪರಿಚಲನೆಯ ಗಣಿತ ಮಾದರಿ. ಆದರೆ ತಪ್ಪನ್ನು ಗೈಟನ್ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ದೀರ್ಘಕಾಲದ ಒತ್ತಡವನ್ನು ನಿರ್ಧರಿಸುವುದು ಮೂತ್ರಪಿಂಡ ಎಂದು ಅವರು ವಾದಿಸಿದರು. ಆ ಮೂತ್ರಪಿಂಡಕ್ಕೆ ಮೆದುಳಿನಿಂದ ನರಗಳ ಮೂಲಕ ಆಜ್ಞೆ ಹೋಗಬಹುದು ಎಂಬುದನ್ನು ಆ ವಾದ ಅಲ್ಲಗಳೆಯುವುದಿಲ್ಲ. ಅಲ್ಲಗಳೆದವರು ಅವರ ನಂತರ ಬಂದ ಸಂಕ್ಷೇಪಕಾರರು.

1986ರಲ್ಲಿ ಎಲಿಸ್ ಗೊಮೆಜ್-ಸ್ಯಾಂಚೆಜ್ ಇಲಿಗಳ ಮೆದುಳಿನ ಕುಹರಕ್ಕೆ ನೇರವಾಗಿ, ಅತ್ಯಲ್ಪ ಪ್ರಮಾಣದ ಆಲ್ಡೋಸ್ಟಿರೋನ್ ಅನ್ನು ನಿರಂತರವಾಗಿ ಹರಿಸಿದರು. ರಕ್ತದೊತ್ತಡ ಏರಿತು. ಅಷ್ಟೇ ಪ್ರಮಾಣವನ್ನು ಚರ್ಮದಡಿ ಕೊಟ್ಟಾಗ ಏರಲಿಲ್ಲ. ಹಾರ್ಮೋನ್ ಮೆದುಳಿನಿಂದ ರಕ್ತಕ್ಕೆ ಸೋರಿ ಮೂತ್ರಪಿಂಡವನ್ನು ಮುಟ್ಟಿರಬೇಕು ಎಂಬ ಆಕ್ಷೇಪಕ್ಕೆ ಇಲ್ಲೇ ಉತ್ತರವಿದೆ.

ಆದರೂ ವಿಮರ್ಶಕರ ಇನ್ನೊಂದು ಆಕ್ಷೇಪ ಹಗುರವಾದದ್ದಲ್ಲ. 1987ರಲ್ಲಿ ಮಿನರಲೊಕಾರ್ಟಿಕಾಯ್ಡ್ ರಿಸೆಪ್ಟರ್‌ನ ಜೀನ್ ಸಿಕ್ಕಿದಾಗ, ಅದು ಆಲ್ಡೋಸ್ಟಿರೋನನ್ನೂ ಕಾರ್ಟಿಸಾಲನ್ನೂ ಹೆಚ್ಚುಕಡಿಮೆ ಒಂದೇ ಬಿಗಿಯಲ್ಲಿ ಹಿಡಿಯುತ್ತದೆಂದು ಖಚಿತವಾಯಿತು. ರಕ್ತದಲ್ಲಿ ಕಾರ್ಟಿಸಾಲ್ (ಇಲಿಗಳಲ್ಲಾದರೆ ಕಾರ್ಟಿಕೋಸ್ಟಿರೋನ್) ಆಲ್ಡೋಸ್ಟಿರೋನಿಗಿಂತ ನೂರಾರು ಪಟ್ಟು ಹೆಚ್ಚು. ಮೂತ್ರಪಿಂಡದಲ್ಲಿ ಅದನ್ನು ನಿಷ್ಕ್ರಿಯಗೊಳಿಸುವ ಕಿಣ್ವವೊಂದು ಆಲ್ಡೋಸ್ಟಿರೋನಿಗೆ ದಾರಿ ಬಿಡಿಸಿಕೊಡುತ್ತದೆ ಎಂದು 1988ರಲ್ಲಿ ಫಂಡರ್ ಮತ್ತು ಎಡ್ವರ್ಡ್ಸ್ ಅವರ ತಂಡಗಳು ತೋರಿಸಿದವು. ಮೆದುಳಿನ ಬಹುಭಾಗದಲ್ಲಿ ಆ ಕಿಣ್ವ ತೀರಾ ಕಡಿಮೆ. ಸಾಲದ್ದಕ್ಕೆ ಆಲ್ಡೋಸ್ಟಿರೋನ್ ರಕ್ತ-ಮೆದುಳು ತಡೆಯನ್ನು ಸುಲಭವಾಗಿ ದಾಟುವುದಿಲ್ಲ. ಹಾಗಾದರೆ 1986ರ ಫಲಿತಾಂಶ ಕೊಳವೆ ಇಟ್ಟು ಒಳಗೆ ಸುರಿದದ್ದರ ಪರಿಣಾಮವಷ್ಟೇ, ದೇಹದ ಸಹಜ ವ್ಯಾಪಾರವಲ್ಲ ಎನ್ನಲು ಅಡ್ಡಿಯೇನು?

ಅಡ್ಡಿ ಇದೆ. ಅದು ಗೊಮೆಜ್-ಸ್ಯಾಂಚೆಜ್ ಅವರದೇ 1990ರ ಪ್ರಯೋಗದಲ್ಲಿದೆ. 1986ರ ಪ್ರಯೋಗವನ್ನು ಉಲ್ಲೇಖಿಸುವ ಎಷ್ಟೋ ಮಂದಿ ಇದರ ಹೆಸರೆತ್ತದಿರುವುದು ಬೇಸರದ ಸಂಗತಿ. ಈ ಸಲ ಆಲ್ಡೋಸ್ಟಿರೋನ್ ಅನ್ನು ಕೊಟ್ಟದ್ದು ಚರ್ಮದಡಿ, ಬಿಪಿ ಏರಿಸುವಷ್ಟು ಹೆಚ್ಚಿನ ಪ್ರಮಾಣದಲ್ಲಿ. ಮೆದುಳಿಗೆ ಹರಿಸಿದ್ದು ಅದರ ರಿಸೆಪ್ಟರ್ ಮುಚ್ಚುವ ಆರ್‌ಯು-28318 ಎಂಬ ಔಷಧ. ಬಿಪಿ ಏರುವುದು ನಿಂತಿತು. ಹೊರಗೆ ಕೊಟ್ಟ ಹಾರ್ಮೋನಿನ ಪರಿಣಾಮವನ್ನು ಒಳಗೆ ತಡೆಯಲಾಯಿತೆಂದರೆ, ಹಾರ್ಮೋನ್ ಕಷ್ಟಪಟ್ಟಾದರೂ ಒಳಗೆ ತಲುಪಿ ಕೆಲಸ ಮಾಡುತ್ತಿತ್ತೆಂದೇ ಅರ್ಥ. ಅದೇ ವರ್ಷ ಅದೇ ಗುಂಪು ಮೆದುಳಿಗೆ ಕಾರ್ಟಿಕೋಸ್ಟಿರೋನನ್ನೂ ಜೊತೆಗೆ ಹರಿಸಿ ನೋಡಿತು: ಅದು ಆಲ್ಡೋಸ್ಟಿರೋನಿನ ಏರಿಕೆಯನ್ನು ತಗ್ಗಿಸಿತು. ರಿಸೆಪ್ಟರ್ ಅನ್ನು ಹಿಡಿದ ಮಾತ್ರಕ್ಕೆ ಎರಡು ಹಾರ್ಮೋನುಗಳ ಕೆಲಸ ಒಂದಾಗುವುದಿಲ್ಲ. ಕಾರ್ಟಿಕೋಸ್ಟಿರೋನಿನ ಸಂಖ್ಯಾಬಲವನ್ನೇ ನೆಚ್ಚಿದ ವಾದ ಇಲ್ಲಿ ಸಡಿಲವಾಗುತ್ತದೆ.

1992ರ ಪ್ರಯೋಗದ ತೂಕ ಇನ್ನೂ ಹೆಚ್ಚು. ಲೂಯಿಸ್ ಡಾಲ್ ಅವರ ಹೆಸರಿನ ಇಲಿತಳಿಯಲ್ಲಿ ಉಪ್ಪು ತಿನ್ನಿಸಿದರೇ ಬಿಪಿ ಏರುತ್ತದೆ. ಹೊರಗಿನಿಂದ ಹಾರ್ಮೋನ್ ಕೊಡಬೇಕಾಗಿಲ್ಲ. ಅಲ್ಲೂ ಮೆದುಳಿನಲ್ಲಿ ಆ ರಿಸೆಪ್ಟರ್ ಅನ್ನು ತಡೆದಾಗ ಏರಿಕೆ ನಿಂತಿತು. ಸುರಿದ ಹಾರ್ಮೋನಿನ ಪರಿಣಾಮ ಎಂಬ ಆಕ್ಷೇಪಕ್ಕೆ ಇಲ್ಲಿ ನೆಲೆಯೇ ಇಲ್ಲ. ಉಪ್ಪು ಮತ್ತು ಒತ್ತಡದ ನಡುವಿನ ದಾರಿ ಮೆದುಳಿನ ಮೂಲಕವೂ ಹೋಗುತ್ತದೆ ಎನ್ನಲು ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ, ಇಲಿಗಳ ಮಟ್ಟಿಗಂತೂ.

ಮನುಷ್ಯರ ವಿಷಯದಲ್ಲಿ ಇಷ್ಟು ಧೈರ್ಯ ಸಲ್ಲದು. ಆಲ್ಡೋಸ್ಟಿರೋನ್ ಅತಿಯಾಗಿ ಸ್ರವಿಸುವ ರೋಗಿಗಳಲ್ಲಿ, ಮೆದುಳಿನ ಆಜ್ಞೆಯನ್ನು ಒಯ್ಯುವ ಸಿಂಪಥೆಟಿಕ್ ನರದ ಚಟುವಟಿಕೆಯನ್ನು ನೇರವಾಗಿ ಅಳೆದ ಮಿಯಾಜಿಮಾ ತಂಡ 1991ರಲ್ಲಿ ಅದು ತಗ್ಗಿರುವುದನ್ನು ಕಂಡಿತು. 2010ರಲ್ಲಿ ಅಮೆರಿಕದ ಡಲ್ಲಾಸ್‌ನ ಸಂಶೋಧಕರಿಗೆ ಕಂಡದ್ದು ತದ್ವಿರುದ್ಧ: ಚಟುವಟಿಕೆ ಹೆಚ್ಚಿತ್ತು, ಒಂದು ಬದಿಯ ಅಡ್ರಿನಲ್ ತೆಗೆದ ಮೇಲೆ ಇಳಿಯಿತು. ಮೊದಲನೆಯದನ್ನು ಹಿಡಿದು ಮೆದುಳಿನ ಪಾತ್ರವನ್ನೇ ತಳ್ಳಿಹಾಕುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಬಿಪಿ ಏರಿದಾಗ ಕತ್ತಿನ ಮತ್ತು ಎದೆಯ ದೊಡ್ಡ ಧಮನಿಗಳಲ್ಲಿರುವ ಒತ್ತಡಗ್ರಾಹಿಗಳು ಸಿಂಪಥೆಟಿಕ್ ನರಗಳನ್ನು ತಾವಾಗಿಯೇ ತಗ್ಗಿಸುತ್ತವೆ. ಆದ್ದರಿಂದ ಚಟುವಟಿಕೆ ಇಳಿದಿದೆಯೇ ಎಂಬುದು ಸರಿಯಾದ ಪ್ರಶ್ನೆಯಲ್ಲ; ಅಷ್ಟು ಒತ್ತಡಕ್ಕೆ ಎಷ್ಟು ಇಳಿಯಬೇಕಿತ್ತೋ ಅಷ್ಟು ಇಳಿದಿದೆಯೇ ಎಂದು ಅಳೆಯಬೇಕು. ಡಲ್ಲಾಸ್‌ನ ರೋಗಿಗಳಲ್ಲಿ ಇಳಿದಿರಲಿಲ್ಲ.