ತುರ್ಕಿ ಭಾಷೆಯಲ್ಲಿ ಗುಣವಾಚಕದ ಚರಿತ್ರೆ

ಗುಣವಾಚಕವು ನಾಮಪದದ ಮುಂದೆ ಬರಬೇಕೋ ಹಿಂದೆ ಬರಬೇಕೋ ಎಂಬುದು ನಮಗೆ ಪರೀಕ್ಷೆಯ ಒಂದು ಅಂಕದ ಪ್ರಶ್ನೆ. ಆದರೆ ತುರ್ಕರಿಗೆ ಅದು ಒಂದು ಕಾಲದಲ್ಲಿ ದೊಡ್ಡ ವಾದದ ವಿಷಯವಾಗಿತ್ತು.

ತುರ್ಕಿ ಭಾಷೆಯ ಸ್ವಂತ ನಿಯಮ ಕನ್ನಡದಂತೆಯೇ ಇದೆ. 'ಯೆನಿ ಎವ್' ಎಂದರೆ ಹೊಸ ಮನೆ, 'ಯೆನಿ ಎವ್ಲೆರ್' ಎಂದರೆ ಹೊಸ ಮನೆಗಳು. ಗುಣವಾಚಕ ಮೊದಲು ಬರುತ್ತದೆ, ಬಹುವಚನದಲ್ಲೂ ಬದಲಾಗುವುದಿಲ್ಲ. ಉರ್ದುವಿನ 'ನಯಾ ಮಕಾನ್, ನಯೀ ಕಿತಾಬ್' ಎಂಬ ಲಿಂಗಭೇದ ಅಲ್ಲಿಲ್ಲ.

ಆದರೆ ಉಸ್ಮಾನಿಯಾ ಸಲ್ತನತ್ತಿನ ದಫ್ತರುಗಳಲ್ಲಿ ಮತ್ತು ಸಾಹಿತ್ಯದಲ್ಲಿ ಫಾರ್ಸಿಯ ಇಜಾಫತ್ ಬೇರೂರಿತ್ತು. ನಮ್ಮ 'ವಜೀರ್-ಎ-ಆಜಮ್', ಟಿಪ್ಪು ಸುಲ್ತಾನರ 'ಸಲ್ತನತ್-ಎ-ಖುದಾದಾದ್' ಇದೇ ರಚನೆಯವು: ನಾಮಪದ ಮೊದಲು, ಗುಣವಾಚಕ ಆಮೇಲೆ. ಸುಲ್ತಾನ್ ಮೂರನೇ ಸಲೀಮ್ 1793ರಲ್ಲಿ ಆರಂಭಿಸಿದ ಸುಧಾರಣೆಗೆ 'ನಿಜಾಮ್-ಇ ಜೆದಿದ್' (ಹೊಸ ವ್ಯವಸ್ಥೆ) ಎಂದು ಹೆಸರು. 1896ರ ಸಾಹಿತ್ಯ ಚಳವಳಿ 'ಎದೆಬಿಯಾತ್-ಇ ಜೆದಿದೆ' (ಹೊಸ ಸಾಹಿತ್ಯ). ಜೆದಿದ್ ಏಕೆ ಜೆದಿದೆ ಆಯಿತು? ಎದೆಬಿಯಾತ್ ಅರಬಿಯ ಬಹುವಚನ, ಅದಕ್ಕೆ ಸ್ತ್ರೀಲಿಂಗದ ಗುಣವಾಚಕ ಬೇಕು. ಲಿಂಗವೇ ಇಲ್ಲದ ಮಾತೃಭಾಷೆಯ ಹುಡುಗ 'ಹೊಸ' ಎಂದು ಬರೆಯಲು ಅರಬಿ ಲಿಂಗವನ್ನೂ ಫಾರ್ಸಿ ಇಜಾಫತನ್ನೂ ಕಲಿಯಬೇಕಿತ್ತು! ರೈತನ ಮಾತು ಒಂದು, ಸರ್ಕಾರಿ ಕಾಗದದ ಮಾತು ಇನ್ನೊಂದು.

1911ರಲ್ಲಿ ಸೆಲಾನಿಕ್ ನಗರದ 'ಗೆಂಚ್ ಕಲೆಮ್ಲೆರ್' (ತರುಣ ಲೇಖನಿಗಳು) ಪತ್ರಿಕೆಯಲ್ಲಿ ಕಥೆಗಾರ ಓಮೆರ್ ಸೈಫೆತ್ತಿನ್ 'ಯೆನಿ ಲಿಸಾನ್' ಎಂಬ ಲೇಖನ ಬರೆದರು. ಜನರ ಬಾಯಲ್ಲಿ ಬೆರೆತ ಅರಬಿ, ಫಾರ್ಸಿ ಪದಗಳು ಇರಲಿ, ಆ ಭಾಷೆಗಳ ವ್ಯಾಕರಣ ಬೇಡ ಎಂಬುದು ಅವರ ವಾದ. ಶೀರ್ಷಿಕೆಯೇ ಇದಕ್ಕೆ ಉದಾಹರಣೆ. ಲಿಸಾನ್ ಅರಬಿ ಪದ, ಆದರೆ ತುರ್ಕಿಯ 'ಯೆನಿ' ಅದರ ಮುಂದೆ ನಿಂತಿದೆ. ಕಲಮ್ ನಮಗೂ ಪರಿಚಿತ ಪದವೇ. ಬಹುವಚನ ಮಾತ್ರ ಅರಬಿಯ 'ಅಕ್ಲಾಮ್' ಅಲ್ಲ, ತುರ್ಕಿಯ 'ಲೆರ್'. ಈ ಮಧ್ಯಮ ಮಾರ್ಗವೇ ಸರಿಯಾಗಿತ್ತೆಂದು ನನ್ನ ಅಭಿಪ್ರಾಯ.

ಮುಂದಿನವರು ಅಲ್ಲಿಗೆ ನಿಲ್ಲಲಿಲ್ಲ. 1928ರಲ್ಲಿ ಅರಬಿ ಲಿಪಿ ಹೋಗಿ ಲ್ಯಾಟಿನ್ ಲಿಪಿ ಬಂತು. 1932ರಲ್ಲಿ ಸ್ಥಾಪನೆಯಾದ ಭಾಷಾ ಸಂಘವು ಅರಬಿ, ಫಾರ್ಸಿ ಪದಗಳನ್ನೇ ತೆಗೆದು ತುರ್ಕಿ ಪದಗಳನ್ನು ಹುಡುಕತೊಡಗಿತು. ಸಾಮಾನ್ಯರಿಗೆ ಓದು ಸುಲಭವಾಯಿತು, ಆದರೆ ಅಜ್ಜಂದಿರ ಪುಸ್ತಕಗಳು ಮೊಮ್ಮಕ್ಕಳಿಗೆ ಪರಭಾಷೆಯಾದವು. ಈ ಸುಧಾರಣೆಗಳನ್ನು ನಡೆಸಿದ ಮುಸ್ತಫಾ ಕಮಾಲ್ 1927ರಲ್ಲಿ ಆರು ದಿನ ಓದಿದ ಪ್ರಸಿದ್ಧ ಭಾಷಣವನ್ನೂ 1960ರ ದಶಕದಲ್ಲಿ ಹೊಸ ತುರ್ಕಿ ಭಾಷೆಗೆ ತರ್ಜುಮೆ ಮಾಡಬೇಕಾಯಿತು.